ಸೊನ್ನೆಯ ಲಾಗ್

ಎಪ್ಪತ್ತು ದಾಟಿದ ಅಂಜಮ್ಮ ಸತ್ತಿದ್ದು ಮಂಗಳವಾರ ಬೆಳಗ್ಗೆ ಏಳು ಗಂಟೆಗೆ. ಅಷ್ಟು ಹೊತ್ತಿಗೆ ಶ್ರೀಗಂಧದ ಕಾವಲಿನ ಅವಳ ಬೀದಿಯ ಇಪ್ಪತ್ತಮೂರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ಎಲ್ಲರ ಅಡುಗೆಮನೆಯಲ್ಲೂ ಒಂದೇ ನೀಲಿ ಕ್ಯಾನು. ಸುಬ್ರಮಣಿಯ ನೀರಿನ ಘಟಕದ್ದು.

ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ಘಟಕಕ್ಕೆ ಹೋದಾಗ ಸುಬ್ರಮಣಿ ಗೋಡೆ ತೋರಿಸಿದ. ಗಾಜಿನ ಚೌಕಟ್ಟಿನೊಳಗೆ ಒಂದು ಹಾಳೆ.

"ಫಿಲ್ಟರ್ ರಿಪೇರಿ ಆದ್ಮೇಲೆ ಟೆಸ್ಟ್ ಮಾಡ್ಸಿದೀನಿ ಮೇಡಮ್. ಲಗ್ಗೆರೆ ಲ್ಯಾಬು. ಬ್ಯಾಕ್ಟೀರಿಯಾ ಸೊನ್ನೆ ಅಂತ ಅವರೇ ಬರ್ದಿದಾರೆ. ನಾನೇನು ಮೈಕ್ರೋಸ್ಕೋಪ್ ಇಟ್ಕೊಂಡು ಕೂತಿದೀನಾ?"

ಹಾಳೆಯ ಮೇಲೆ ಶನಿವಾರದ ತಾರೀಕು. ಕೆಳಗೆ ಸಹಿ: ಶೈಲಾ.

*

ಲ್ಯಾಬಿನ ಮ್ಯಾನೇಜರ್ ಮಹದೇವ್ ಕುರ್ಚಿ ಎಳೆದುಕೊಟ್ಟ. ಕಾಫಿ ತರಿಸಿದ. ದನಿ ತಗ್ಗಿಸಿದ.

"ಹುಡುಗಿ ಒಳ್ಳೆಯವಳೇ ಮೇಡಮ್. ಲೆಕ್ಕ ಸ್ವಲ್ಪ ವೀಕು. ಇಲ್ನೋಡಿ, ಇವಳದೇ ಹಳೇ ರಿಪೋರ್ಟು."

ಎರಡು ಪರೀಕ್ಷೆಗಳ ಸರಾಸರಿ ಎಣಿಕೆ ಅರ್ಧ ಎಂದಿದ್ದ ಕಡೆ, ಪಕ್ಕದ ಲಾಗ್ ಕಾಲಮ್ಮಿನಲ್ಲಿ, ಅಂದರೆ ಲಾಗರಿದಮ್ಮಿನ ಜಾಗದಲ್ಲಿ, ಮೈನಸ್ 0.30 ಎಂದಿತ್ತು.

"ಲಾಗ್‌ನಲ್ಲಿ ಮೈನಸ್ ಬರಲ್ಲ ಅಂತ ಪಿಯುಸಿಲೇ ಹೇಳ್ಕೊಡ್ತಾರೆ. ಇಷ್ಟೂ ಗೊತ್ತಿಲ್ದೋಳು ನೀರು ಹೆಂಗೆ ಟೆಸ್ಟ್ ಮಾಡಿರ್ತಾಳೆ, ನೀವೇ ಹೇಳಿ."

ಶೋಭಾರಾಣಿಗೂ ಹಾಗೇ ನೆನಪಿತ್ತು. ಬರೆದುಕೊಂಡಳು.

ಶೈಲಾ ಗದಗ ಕಡೆಯ ಹುಡುಗಿ. ಇಪ್ಪತ್ನಾಲ್ಕು ವಯಸ್ಸು. ಏಪ್ರನ್ ಬಿಚ್ಚುವುದನ್ನು ಮರೆತು ಬಂದು ನಿಂತಿದ್ದಳು.

"ಸಹಿ ನಂದೈತ್ರಿ ಮೇಡಮ್. ರಿಪೋರ್ಟ್ ನಂದಲ್ರಿ."

"ಅದೆಂಗಮ್ಮ?"

"ಭಾನುವಾರ ನನಗ ರಜಾ. ಶನಿವಾರ ಹೋಗೂಮುಂದ ಖಾಲಿ ಲೆಟರ್‌ಹೆಡ್ಡಿಗೆ ಹತ್ತು ಸಹಿ ಹಾಕಿ ಇಟ್ಟು ಹೋಗ್ತೀನ್ರಿ. ಎಲ್ಲಾ ಲ್ಯಾಬಿನ್ಯಾಗೂ ಹಿಂಗ ನಡೀತೈತಿ ಅಂತ ಸರ್ ಹೇಳಿದ್ರು."

"ಕೋರ್ಟಲ್ಲಿ ಇದನ್ನ ಯಾರು ನಂಬ್ತಾರೆ? ಒಬ್ಬರು ಸತ್ತಿದಾರೆ ಗೊತ್ತಲ್ವಾ? ನಾಳೆ ನಿನ್ನ ಅರೆಸ್ಟ್ ಮಾಡಬೇಕಾಗುತ್ತೆ."

ಶೈಲಾಳ ಕಣ್ಣು ತುಂಬಿತು. ಆದರೂ ಮೇಜಿನ ಮೇಲಿದ್ದ ಹಾಳೆಯತ್ತ ಬೆರಳು ಚಾಚಿದಳು.

"ಇಲ್ಲಿ ಎಣಿಕೆ ಸೊನ್ನಿ ಐತ್ರಿ. ಬಾಜೂಕ ಲಾಗ್ 0.00 ಅಂತ ಐತಿ. ನಾ ಸತ್ರೂ ಹಂಗ ಬರಿಯಂಗಿಲ್ರಿ."

ಅವಳಿಗೆ ಸಿಟ್ಟು ಬಂದಂತಿತ್ತು. ಜೈಲಿನ ಮಾತಿಗೆ ಅಳು, 0.00ಗೆ ಸಿಟ್ಟು. ಇದು ಶೋಭಾರಾಣಿಗೆ ವಿಚಿತ್ರವಾಗಿ ಕಂಡಿತು.

*

ವಿಜಯನಗರದಲ್ಲಿ ಮುನಿವೆಂಕಟಪ್ಪ ಮೇಷ್ಟ್ರು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಶೋಭಾರಾಣಿಗೆ ಪಿಯುಸಿಯಲ್ಲಿ ಗಣಿತ ಕಲಿಸಿದವರು.

"ನಾಲ್ಕನೇ ಬೆಂಚು. ಮೂವತ್ತೈದು ಮಾರ್ಕ್ಸು."

"ಮೂವತ್ತಾರು ಸಾರ್."

"ಪೊಲೀಸ್ರು ಬೇರೆ. ವಾದ ಬೇಡಪ್ಪ. ಏನು ಬಂದಿದ್ದು?"

ಅವಳು ಎರಡೂ ರಿಪೋರ್ಟು ತೋರಿಸಿದಳು. ಮೇಷ್ಟ್ರು ಕನ್ನಡಕ ಏರಿಸಿದರು.

"ಹತ್ತರ ಎಷ್ಟನೇ ಘಾತ ಮಾಡಿದ್ರೆ ಆ ಸಂಖ್ಯೆ ಬರುತ್ತೆ? ಅದೇ ಲಾಗು. ನೂರಕ್ಕೆ ಎರಡು. ಹತ್ತಕ್ಕೆ ಒಂದು. ಒಂದಕ್ಕೆ?"

"ಸೊನ್ನೆ."

"ಅರ್ಧಕ್ಕೆ?"

"ಇನ್ನೂ ಕೆಳಗಿಳೀಬೇಕು. ಮೈನಸ್ಸಾ ಸಾರ್?"

"ಮೈನಸ್ 0.30. ಆ ಹುಡುಗಿ ಸರಿಯಾಗೇ ಬರ್ದಿದಾಳೆ. ಉತ್ತರ ಮೈನಸ್ ಬರಬಹುದು ಕಣಮ್ಮ. ಒಳಗೆ ಹಾಕೋ ಸಂಖ್ಯೆ ಮೈನಸ್ ಆಗಬಾರದು. ಮೂವತ್ತು ವರ್ಷ ಹೇಳಿದೀನಿ. ಎಲ್ಲಾರೂ ಇವೆರಡನ್ನ ಅದಲುಬದಲು ಮಾಡ್ಕೋತಾರೆ."

"ಸೊನ್ನೆ ಹಾಕಿದ್ರೆ?"

"ಇಳೀತಾ ಹೋಗು. ಹತ್ತನೇ ಒಂದು ಭಾಗ, ನೂರನೇ ಒಂದು, ಲಕ್ಷದಲ್ಲಿ ಒಂದು. ಎಷ್ಟಿಳಿದ್ರೂ ಏನೋ ಚೂರು ಮಿಕ್ಕೇ ಇರುತ್ತೆ. ಸೊನ್ನೆ ಸಿಗಲ್ಲ. ಸೊನ್ನೆಗೆ ಲಾಗೇ ಇಲ್ಲ. ಇಲ್ಲಿ 0.00 ಅಂತ ಬರ್ದಿರೋನು ಬ್ಯಾಕ್ಟೀರಿಯಾ ಒಂದಿದೆ ಅಂತ ಬರ್ದಂಗಾಯ್ತು. ಪಕ್ಕದಲ್ಲೇ ಒಂದೂ ಇಲ್ಲ ಅಂತಾನೆ. ಯಾವ ಪುಣ್ಯಾತ್ಮ?"

*

ಶೋಭಾರಾಣಿ ಲ್ಯಾಬಿಗೆ ಮರಳಿ ಮೊದಲು ಹಳೆಯ ರಿಪೋರ್ಟುಗಳ ಕಡತ ತೆಗೆಸಿದಳು. ಎಣಿಕೆ ಸೊನ್ನೆಯಿದ್ದ ಕಡೆಯೆಲ್ಲ ಲಾಗ್ ಕಾಲಮ್ಮಿನಲ್ಲಿ 'ಎರರ್' ಎಂದು ಅಚ್ಚಾಗಿತ್ತು. ಅದನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಅಂಚಿನಲ್ಲಿ 'ಒಂದಕ್ಕಿಂತ ಕಡಿಮೆ' ಎಂದು ಶೈಲಾ ಕೈಯಲ್ಲಿ ಬರೆದಿದ್ದಳು. ಹದಿನಾಲ್ಕು ಕಡೆ. ಒಂದು ಕಡೆಯೂ 0.00 ಇರಲಿಲ್ಲ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಶೈಲಾ ಪಕ್ಕದಲ್ಲಿ, ಮಹದೇವ್ ಬೆನ್ನ ಹಿಂದೆ. ಪರದೆಯ ಮೇಲೆ ರಿಪೋರ್ಟಿನ ಖಾಲಿ ನಮೂನೆ ತೆರೆದು ಎಣಿಕೆಯ ಜಾಗದಲ್ಲಿ ಸೊನ್ನೆ ಒತ್ತಿದಳು. ಪಕ್ಕದ ಕಾಲಮ್ಮಿನಲ್ಲಿ 'ಎರರ್' ಬಂತು.

"ಅಯ್ಯೋ, ಕೆಟ್ಟೋಯ್ತಾ? ಶೈಲಾ, ಸರಿ ಮಾಡಮ್ಮ," ಎಂದಳು ಶೋಭಾರಾಣಿ.

"ಆ ಕಾಲಮ್ ಲಾಕ್ ಐತ್ರಿ. ನನಗ ತಿದ್ದಾಕ ಬರಂಗಿಲ್ರಿ."

"ಬಿಡಿ ಮೇಡಮ್, ಈ ಹಾಳೆಗೆ ಅದೊಂದು ರೋಗ," ಎಂದು ಮಹದೇವ್ ಮುಂದೆ ಬಾಗಿದ. ಪಾಸ್‌ವರ್ಡ್ ಒತ್ತಿದ. 'ಎರರ್' ಅಳಿಸಿದ. 0.00 ಎಂದು ತುಂಬಿದ. "ಸೊನ್ನೆಗೆ ಸೊನ್ನೆ. ಅಷ್ಟೇ."

"ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

"ನನಗೊಬ್ಬನಿಗೇ. ಯಾರೂ ತಿದ್ದಬಾರದಲ್ವಾ?"

ಮಹದೇವ್ ಪರದೆ ನೋಡಿದ. ಮೇಜಿನ ಮೇಲಿದ್ದ ಸುಬ್ರಮಣಿಯ ರಿಪೋರ್ಟು ನೋಡಿದ. ನಿಧಾನಕ್ಕೆ ಕೈ ಹಿಂದೆಗೆದುಕೊಂಡ.

"ಎರರ್ ಬಂದ್ರೆ ಶೈಲಾ ಪೆನ್ನು ಹಿಡೀತಾಳೆ," ಎಂದಳು ಶೋಭಾರಾಣಿ. "ಅದು ಯಾಕೆ ಬಂತು ಅಂತ ಅವಳಿಗೆ ಗೊತ್ತು. ನೀವು ಅಳಿಸ್ತೀರ. ಅಳಿಸೋಕೆ ಆಗೋದೂ ನಿಮಗೊಬ್ಬರಿಗೇ. ಸುಬ್ರಮಣಿ ಯಾವತ್ತು ಬಂದಿದ್ದ?"

"ಮೇಡಮ್, ಅದು..."

"ಡ್ರಾಯರ್ ತೆಗೀರಿ."

ಶೈಲಾಳ ಸಹಿಯಿದ್ದ ಖಾಲಿ ಹಾಳೆಗಳು. ಹತ್ತರಲ್ಲಿ ಒಂಬತ್ತು. ಫ್ರಿಜ್ಜಿನಲ್ಲಿ ಸುಬ್ರಮಣಿ ತಂದ ನೀರಿನ ಬಾಟಲಿ ಸಿಕ್ಕಿತು. ಮುಚ್ಚಳದ ಸೀಲು ಒಡೆದಿರಲಿಲ್ಲ.

"ಭಾನುವಾರ ಬೆಳಗ್ಗೆ ಬಂದ," ಎಂದ ಮಹದೇವ್. "ಬ್ಯಾಕ್ಟೀರಿಯಾ ಬೆಳೆಯೋಕೆ ಎರಡು ದಿನ ಬೇಕು ಅಂದೆ. ಮಧ್ಯಾಹ್ನನೇ ಕ್ಯಾನು ಕಳಿಸ್ಬೇಕು ಅಂತ ಕೂತ. ಹಿಂದಿನ ಸಲ ನೀರು ಚೆನ್ನಾಗೇ ಇತ್ತು. ಈ ಸಲಾನೂ ಇರುತ್ತೆ ಅಂದ್ಕೊಂಡೆ. ಶೈಲಾ ಇದ್ದ ದಿನ ಅಂತ ಶನಿವಾರದ ತಾರೀಕು ಹಾಕ್ಕೊಟ್ಟೆ."

"ಮುಚ್ಚಳ ತೆಗೀಲೇ ಇಲ್ಲವಲ್ರೀ."



*

ಠಾಣೆಯಲ್ಲಿ ಸಂಜೆ ಮಹದೇವ್ ಮತ್ತು ಸುಬ್ರಮಣಿ ಇಬ್ಬರ ಹೇಳಿಕೆಯೂ ಮುಗಿದಿತ್ತು. ಶೈಲಾ ಇನ್ನು ಸಾಕ್ಷಿ ಮಾತ್ರ. ಶೋಭಾರಾಣಿ ಅವಳ ಹೇಳಿಕೆಯನ್ನು ಬರೆದು ಓದಿ ಹೇಳಿದಳು.

"ಖಾಲಿ ಹಾಳಿಗೆ ಸಹಿ ಹಾಕಿದ್ದು ಅದರಾಗ ಇಲ್ಲಲ್ರಿ."

"ಬಿಟ್ರೆ ನಿನಗೇ ಒಳ್ಳೇದು ಕಣಮ್ಮ. ಲೈಸೆನ್ಸಿನವರು ಕೇಳ್ತಾರೆ. ಕೆಲಸಕ್ಕೆ ಕುತ್ತು ಬರಬಹುದು."

"ಆ ಅಜ್ಜಿ ನನ್ನ ಸಹಿ ನಂಬಿ ನೀರು ಕುಡ್ದಾಳ್ರಿ. ಬರ್ಕೋರಿ."

ಶೋಭಾರಾಣಿ ಬರೆದಳು. ಶೈಲಾ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ಓದಿದಳು. ಆಮೇಲೆ ಪೆನ್ನು ಕೇಳಿದಳು.