ಕ್ಯಾಲ್ಕುಲಸ್ ಕ್ಲಾಸಿನ ದುಭಾಷಿ

"ಮೇಡಂ, ಕ್ಲಾಸು ಶುರುವಾಗಿದೆ. ದಯವಿಟ್ಟು ಹೋಗಿ ಕೂತ್ಕೊಳ್ಳಿ."

ಬೋರ್ಡಿನ ಪಕ್ಕ ನಿಂತಿದ್ದ ಅವಳು ಕದಲಲಿಲ್ಲ.

"ಕೂತರೆ ಆಗಲ್ಲ ಸರ್. ಅಲ್ಲಿ ಮುಂದೆ ಕೂತಿದಾಳಲ್ಲ, ನನ್ನ ತಂಗಿ... ಅವಳಿಗೆ ಕಿವಿ ಕೇಳಿಸಲ್ಲ. ನೀವು ಹೇಳೋದನ್ನ ನಾನು ಕೈಸನ್ನೆಯಲ್ಲಿ ಹೇಳ್ತೀನಿ. ಆಫೀಸಿನವರು ತಿಳಿಸಿಲ್ವಾ?"

ಗಣಿತದ ಮೇಷ್ಟ್ರ ಕಿವಿ ಕೆಂಪಗಾಯಿತು.

"ತಿಳಿಸಿರಲಿಲ್ಲ... ತಪ್ಪಾಯ್ತು. ಅಲ್ಲೇ ನಿಂತ್ಕೊಳ್ಳಿ. ಇಲ್ಲ ಇಲ್ಲ, ಸ್ವಲ್ಪ ಈ ಕಡೆ ಬನ್ನಿ. ಅವರಿಗೆ ನೀವೂ ಕಾಣ್ಬೇಕು, ಬೋರ್ಡೂ ಕಾಣ್ಬೇಕು ಅಲ್ವಾ?"

ಅವಳು ಅವನನ್ನೇ ನೋಡಿದಳು. ಸನ್ನೆಭಾಷೆಯ ದುಭಾಷಿಯಾಗಿ ಎಷ್ಟೋ ಆಸ್ಪತ್ರೆ, ಎಷ್ಟೋ ಕೋರ್ಟು ಸುತ್ತಿದ್ದಳು. ಎಲ್ಲಿ ನಿಂತರೆ ಕಾಣುತ್ತೆ ಅಂತ ಯಾರೂ ಯೋಚಿಸಿರಲೇ ಇಲ್ಲ!

ಆ ಮೇಲೆ ಅವನು ಕೋರ್ಸಿನ ನಿಯಮ ಹೇಳತೊಡಗಿದ. ಅಲ್ಲಿಗೆ ಅವಳ ಮೆಚ್ಚುಗೆ ಅರ್ಧ ಇಳಿಯಿತು.

"ಮನೆಲೆಕ್ಕ ತಡವಾಗಿ ತಂದರೆ ತೊಗೊಳ್ಳಲ್ಲ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಗೆಳೆಯರ ಜೊತೆ ಚರ್ಚೆ ಮಾಡಿ, ಆದರೆ ಬರೆಯೋದು ನಿಮ್ಮ ಕೈಯಲ್ಲೇ. ಬರೀ ಉತ್ತರಕ್ಕೆ ಅಂಕ ಇಲ್ಲ, ಅಲ್ಲಿಗೆ ಹೇಗೆ ಬಂದಿರಿ ಅನ್ನೋದಕ್ಕೆ ಅಂಕ. ಅರ್ಥವಾಗದಿದ್ದರೆ ನನ್ನ ರೂಮಿಗೆ ಬರಬೇಕು. ಬರಬಹುದು ಅಲ್ಲ, ಬರಲೇಬೇಕು!"

ತಂಗಿ ಬೆಂಚಿನಿಂದಲೇ ಕೈಯಾಡಿಸಿದಳು. 'ಅಕ್ಕಾ, ಇವರಿಗೆ ಮದುವೆ ಆಗಿಲ್ಲ ನೋಡು. ಆಗಿದ್ದರೆ ಇಷ್ಟೊಂದು ನಿಯಮ ಹೇಳೋ ಧೈರ್ಯ ಇರ್ತಿರಲಿಲ್ಲ!'

ಅಕ್ಕ ನಗು ತಡೆದುಕೊಂಡಳು.

"ಏನಂದ್ರು ಅವರು?" ಮೇಷ್ಟ್ರು ಕೇಳಿದ.

"ನಿಯಮಗಳು ಚೆನ್ನಾಗಿವೆ ಅಂದಳು ಸರ್."

ವೃತ್ತಿಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ದಿನ ಕಳೆದಂತೆ ಒಂದು ವಿಷಯ ಅವಳ ಗಮನಕ್ಕೆ ಬಂತು. ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡುತ್ತಿದ್ದವನು ಈಗ ಒಂದು ಸಾಲು ಬರೆದು, ತಿರುಗಿ ನಿಂತು, ಆಮೇಲೆ ಮಾತಾಡುತ್ತಿದ್ದ. ಅವಳ ಕೈ ನಿಂತ ಮೇಲೇ ಮುಂದಿನ ಸಾಲು. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಅವನು ಬೋರ್ಡಿನ ಮೇಲೆ, ಒಂದು ಗಾಡಿ ಯಾವ ಹೊತ್ತಿಗೆ ಎಲ್ಲಿತ್ತು ಅಂತ ತೋರಿಸುವ ಗುಡ್ಡದಂಥ ಗೆರೆ ಎಳೆದ. ಅದರ ಮೇಲೆ ಎರಡು ಚುಕ್ಕಿ. ಎರಡನ್ನೂ ಸೇರಿಸಿ ಒಂದು ನೇರ ಗೆರೆ; ಅದರ ಓರೆಯೇ ಆ ಎರಡು ಹೊತ್ತಿನ ನಡುವಿನ ವೇಗ.

"ಈಗ ಈ ಚುಕ್ಕಿಯನ್ನ ಆ ಚುಕ್ಕಿ ಹತ್ತಿರ ಸರಿಸ್ತೀನಿ. ಇನ್ನೂ ಹತ್ತಿರ... ಇನ್ನೂ... ಒಂದಾಗೋದಿಲ್ಲ, ಆದರೆ ಹತ್ತಿರ ಆಗ್ತಾನೇ ಇರುತ್ತೆ. ನೇರ ಗೆರೆ ಏನಾಯ್ತು ನೋಡಿ!"

ಅವಳ ಕೈ ತಡವರಿಸಿತು. ಇದಕ್ಕೆ ಸನ್ನೆಯೇ ಇರಲಿಲ್ಲ!

ಒಂದು ಕ್ಷಣ ಕಣ್ಣು ಮುಚ್ಚಿದಳು. ಎಡ ತೋಳನ್ನು ಗುಡ್ಡದ ಹಾಗೆ ಬಾಗಿಸಿ, ಬಲ ಅಂಗೈಯನ್ನು ಹಲಗೆಯ ಹಾಗೆ ಅಡ್ಡ ಇಟ್ಟಳು. ನಿಧಾನಕ್ಕೆ ಹೊರಳಿಸಿದಳು... ಅಂಗೈ ಕೊನೆಗೆ ತೋಳಿನ ಒಂದೇ ಒಂದು ಜಾಗವನ್ನು ಮುಟ್ಟಿ ನಿಂತಿತು.

ತಂಗಿ ದಡಕ್ಕನೆ ಎದ್ದು ನಿಂತಳು. ಅವಳ ಬೆರಳುಗಳು ಚಕಚಕನೆ ಏನೋ ಕೇಳಿದವು. ಅಕ್ಕ ಅದನ್ನು ಮಾತಾಗಿಸಿದಳು.

"ಹಾಗಾದರೆ ಓಡೋ ಬಸ್ಸನ್ನ ನಿಲ್ಲಿಸದೇನೇ, ಆ ಒಂದು ಕ್ಷಣದಲ್ಲಿ ಅದರ ವೇಗ ಎಷ್ಟು ಅಂತ ಹೇಳಬಹುದಾ?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟ.

"ಹೌದು," ಅಂದ ಮೆಲ್ಲಗೆ. "ಅದನ್ನ ಹೇಳೋದಕ್ಕೇ ಈ ಕೋರ್ಸು ಇರೋದು."

ಅಕ್ಕನ ಮೈ ಜುಮ್ಮೆಂದಿತು. ಶಾಲೆಯಲ್ಲಿ ಗಣಿತ ಅಂದರೆ ಓಡಿಹೋಗುತ್ತಿದ್ದವಳು ಅವಳು. ಕೈಗೆ ಸಿಗದಷ್ಟು ಚಿಕ್ಕ ಕ್ಷಣ... ಅದು ಯಾವ ಕಡೆ ಹೊರಟಿದೆ ಅಂತಲೂ ಮನುಷ್ಯ ಕಂಡುಹಿಡಿದಿದ್ದಾನಾ? ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿ ಕೂತಿದ್ದರು.

ಕಣ್ಣೆತ್ತಿದಾಗ ಮೇಷ್ಟ್ರು ಅವಳ ತೋಳನ್ನೇ ನೋಡುತ್ತಿದ್ದ, ಕಾಣದ್ದನ್ನು ಕಂಡವನ ಹಾಗೆ.

"ಇಷ್ಟು ವರ್ಷ ಪಾಠ ಮಾಡಿದೀನಿ," ಅಂದ. "ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ."

ಅವತ್ತಿನಿಂದ ಕ್ಲಾಸಿನ ದಿನ ಯಾವಾಗ ಬರುತ್ತೋ ಅಂತ ಅವಳು ಕಾಯತೊಡಗಿದಳು. ಮನಸ್ಸನ್ನು ಗದರಿದಳು. ಮನಸ್ಸು ಕೇಳಬೇಕಲ್ಲ!

ಅಷ್ಟರಲ್ಲಿ ಮಧ್ಯಾವಧಿ ಪರೀಕ್ಷೆ ಬಂತು.

"ಪರೀಕ್ಷೆ ಹಾಲಿಗೆ ನೀವು ಬರುವಂತಿಲ್ಲ," ಅಂದ ಮೇಷ್ಟ್ರು, ಕಾರಿಡಾರಿನಲ್ಲಿ.

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಹಾಗಂದ್ರೆ? ಹಾಲಿನಲ್ಲಿ ಹೇಳೋ ಸೂಚನೆ ಅವಳಿಗೆ ಹೇಗೆ ಗೊತ್ತಾಗ್ಬೇಕು?"

"ನಿಯಮ ಇದೆ. ವಿದ್ಯಾರ್ಥಿಯ ಮನೆಯವರು..."

"ನಿಯಮ, ನಿಯಮ, ನಿಯಮ! ನೀವು ಬೇರೆ ಥರ ಅಂದ್ಕೊಂಡಿದ್ದೆ ಸರ್. ನನ್ನದೇ ತಪ್ಪು!"

"ಒಂದು ನಿಮಿಷ ಕೇಳಿ..."

ಅವಳು ಕೇಳಲಿಲ್ಲ. ಕಣ್ಣೀರು ಅವನಿಗೆ ಕಾಣಬಾರದು ಅಂತ ಮೆಟ್ಟಿಲು ಇಳಿದೇಬಿಟ್ಟಳು.

ಪರೀಕ್ಷೆಯ ದಿನ ಹಾಲಿನ ಹೊರಗೆ ಕೂತಿದ್ದಾಗ, ಒಳಗಿಂದ ಬಂದವರನ್ನು ಕಂಡು ಎದ್ದು ನಿಂತಳು. ಅವಳಿಗೆ ಈ ವೃತ್ತಿ ಕಲಿಸಿದ ಹಿರಿಯ ದುಭಾಷಿ!

"ನೀವು ಇಲ್ಲಿ?"

"ನಿನ್ನ ತಂಗಿಗೇ ಬಂದಿದ್ದು ಕಣೇ. ಆ ಮೇಷ್ಟ್ರು ಆಫೀಸಿಂದ ಆಫೀಸಿಗೆ ಅಲೆದು ಒಪ್ಪಿಗೆ ತಂದಿದಾನೆ. ಹುಡುಗಿಗೆ ಹೆಚ್ಚಿನ ಸಮಯಾನೂ ಕೊಡಿಸಿದಾನೆ. ನಿನಗೆ ಹೇಳಿಲ್ವಾ?"

"ಹೇಳೋಕೆ ಬಂದಿದ್ರು... ನಾನೇ ಬಿಡಲಿಲ್ಲ. ಆದ್ರೆ ನಾನಿದ್ದರೆ ಏನಾಗ್ತಿತ್ತು?"

"ಕೋರ್ಟಲ್ಲಿ ಸ್ವಂತ ತಂಗಿ ಕೇಸಿಗೆ ನೀನೇ ದುಭಾಷಿ ಆಗಿ ನಿಲ್ತೀಯಾ?"

ಅವಳು ತಲೆ ತಗ್ಗಿಸಿದಳು. ತನ್ನ ವೃತ್ತಿಯ ಮೊದಲ ಪಾಠವನ್ನು ಅಕ್ಕರೆಯಲ್ಲಿ ಮರೆತೇಬಿಟ್ಟಿದ್ದಳು.

ತಂಗಿ ಇಡೀ ತರಗತಿಗೇ ಮೊದಲು ಬಂದಳು. 'ಅಕ್ಕ ಹೇಳಿಕೊಟ್ಟಿರ್ತಾಳೆ' ಅನ್ನಲು ಹೊರಟವರಿಗೂ ಬಾಯಿ ತೆರೆಯಲು ಆಗಲಿಲ್ಲ.

ಅವಳು ಅವನ ರೂಮಿನ ಬಾಗಿಲಲ್ಲಿ ನಿಂತಳು. "ಅವತ್ತು ನಾನು ತುಂಬಾ ಕೆಟ್ಟದಾಗಿ ಮಾತಾಡಿದೆ. ಕ್ಷಮಿಸ್ತೀರಾ?"

"ಆ ಅಂಕ ಪೂರ್ತಿ ಅವರದೇ ಆಗಿರಬೇಕಿತ್ತು. ಅಷ್ಟೇ ನನಗೆ ಬೇಕಿದ್ದಿದ್ದು," ಅಂದ ಅವನು. ಸ್ವಲ್ಪ ತಡೆದ. "ಇನ್ನೊಂದು ಮಾತಿದೆ... ಆದರೆ ನಿಮ್ಮ ತಂಗಿಯ ಅಂಕ ನನ್ನ ಕೈಲಿರೋವರೆಗೂ ನಾನು ಅದನ್ನ ಆಡುವಂತಿಲ್ಲ."

ಏನು ಮಾತು ಅಂತ ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಕೋರ್ಸು ಮುಗಿಯಿತು, ಕೊನೆಯ ಫಲಿತಾಂಶವೂ ಬಂತು. ಅದೇ ಸಂಜೆ ಮನೆಯ ಬಾಗಿಲ ಮೇಲಿನ ದೀಪ ಮಿನುಗಿತು. ಯಾರೋ ಬೆಲ್ ಒತ್ತಿದ್ದರು. ತಂಗಿ ಓಡಿಹೋಗಿ ತೆರೆದಳು.

ಮೇಷ್ಟ್ರು! ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಬೆವರು.

ಅವನು ಇಬ್ಬರಿಗೂ ಕಾಣುವಂತೆ ನಿಂತು, ಗಂಟಲು ಸರಿಮಾಡಿಕೊಂಡು, ಎರಡೂ ಕೈ ಎತ್ತಿ ಏನೋ ಸನ್ನೆ ಮಾಡಿದ.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾಕೆ? ಏನಾಯ್ತು?"

"ನೀವು..." ಅಕ್ಕನಿಗೂ ನಗು ತಡೆಯಲಾಗಲಿಲ್ಲ. "ನನಗೆ ತುಂಬಾ ಹಸಿವಾಗಿದೆ ಅಂದ್ರಿ!"

"ಅಯ್ಯೋ ದೇವರೇ! ತಿಂಗಳಿಂದ ಕಲೀತಿದ್ದೆ..." ಅವನು ಕೈ ಇಳಿಸಿದ. "ಬಾಯಲ್ಲೇ ಹೇಳ್ತೀನಿ. ನಾನು ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮ ಕೈ ಆ ಗೆರೆಯನ್ನ ತೋರಿಸಿದ ದಿನದಿಂದ."



ತಂಗಿ ಅಕ್ಕನ ಭುಜ ತಟ್ಟಿದಳು. 'ಏನಂದ್ರು? ಬೇಗ ಹೇಳು!'

ಅವಳ ಕೈಗಳು ಅಭ್ಯಾಸದಿಂದ ಮೇಲೆದ್ದವು... ಅರ್ಧದಲ್ಲೇ ನಿಂತವು. ಇಷ್ಟು ವರ್ಷ ಎಲ್ಲರ ಸುಖದುಃಖ ಅವಳ ಕೈಯಲ್ಲಿ ಹಾದುಹೋಗಿತ್ತು. ಇದೊಂದು ಮಾತು ಮಾತ್ರ ಅವಳಿಗೇ ಬಂದಿತ್ತು!

'ನಿನಗಲ್ಲ, ನನಗೆ,' ಅಂದಳು ತಂಗಿಗೆ.

'ನಿನ್ನ ಮುಖ ನೋಡಿದರೇ ಗೊತ್ತಾಗುತ್ತೆ ಬಿಡೇ!' ತಂಗಿ ಕಣ್ಣು ಹೊಡೆದು ಒಳಗೆ ಹೋದಳು.

"ಉತ್ತರ?" ಅವನು ಕೇಳಿದ.

"ಊಟ ಮಾಡ್ಕೊಂಡೇ ಹೋಗಿ," ಅಂದಳು ಅವಳು, ಕಣ್ಣು ತುಂಬಿಕೊಂಡು. "ನಾನೂ ನಿಮ್ಮನ್ನ ಪ್ರೀತಿಸ್ತೀನಿ."