ನಗದ ಮುಖದ ಬಳೆಗಾರ್ತಿ

"ಆ ಬೋರ್ಡಿನ ಮ್ಯಾಲ ನಿಮ್ಮ ಅಮ್ಮನ ಹೆಸರು ಬಂತಂದ್ರ ನಾ ಈ ಮನ್ಯಾಗ ಇರಾಕಿ ಅಲ್ಲ!"

ಫಿರದೋಸ ಚಹಾದ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ಚೆಲ್ಲಿಹೋಯಿತು. ಇಂಡಿ ಊರಿನ ಲಿಂಬೆಹಣ್ಣಿನ ಪೇಟೆಯಿಂದ ಆಗಷ್ಟೇ ಬಂದಿದ್ದ ಗಂಡ ಸರ್ಫರಾಜ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಪಡಸಾಲೆಯ ಮಂಚದ ಮೇಲೆ ಅವನ ತಾಯಿ ಶಮ್ಶುನ್ನೀಸಾ ಕುಳಿತಿದ್ದಳು. ಅವಳ ಬಲಗೈ ಸೆರಗಿನೊಳಗೆ ಸಿಕ್ಕಿಬಿದ್ದ ಗುಬ್ಬಿಯ ಹಾಗೆ ಪಟಪಟನೆ ಮಿಡುಕುತ್ತಿತ್ತು. ಮುಖ ಮಾತ್ರ ಕಲ್ಲು! ಸೊಸೆ ಇಷ್ಟು ಕೂಗಾಡಿದರೂ ಹುಬ್ಬು ಅಲುಗಲಿಲ್ಲ, ಹಣೆಯಲ್ಲಿ ಒಂದು ಗೆರೆ ಮೂಡಲಿಲ್ಲ.

"ನೋಡ್ರಿ ಆ ಮಾರಿ! ನಾಳೆ ನಾ ಸತ್ರೂ ಆಕಿ ಹಿಂಗ ನೋಡ್ಕೋತ ಕುಂದರತಾಳ!"

"ಆಕಿಗೆ ಪಾರ್ಕಿನ್ಸನ್ ರೋಗ ಐತಿ ಅಂತ ಡಾಕ್ಟರು ಹೇಳಿಲ್ಲೇನು, ಫಿರದೋಸ?"

"ರೋಗ ಹ್ವಾದ ವರ್ಷ ಬಂದೈತ್ರಿ. ಮಾರಿ ನನ್ನ ಮಗಳು ಹುಟ್ಟಿದಾಗಿಂದ ಹಂಗ ಐತಿ!"

ಸರ್ಫರಾಜ ಚಪ್ಪಲಿ ಬಿಟ್ಟು ತಾಯಿಯ ಮಂಚದ ಅಂಚಿಗೆ ಕುಳಿತ.

ಜಗಳ ಎದ್ದದ್ದು ಮನೆಯ ಮುಂದಿನ ಕೋಣೆಯಿಂದ. ಒಂದು ಕಾಲಕ್ಕೆ ಅದು ಶಮ್ಶುನ್ನೀಸಾಳ ಬಳೆ ಅಂಗಡಿ. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಹೊಲಿಗೆ ಯಂತ್ರ ಹಾಕಿಕೊಡುತ್ತೇನೆಂದು ಸರ್ಫರಾಜ ಹೆಂಡತಿಗೆ ಮಾತು ಕೊಟ್ಟಿದ್ದ. ಹೋದ ವರ್ಷ ತಾಯಿ ಬಚ್ಚಲಲ್ಲಿ ಬಿದ್ದಳು. ಮುದ್ದೇಬಿಹಾಳದ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ಅವನ ತಂಗಿ ನಿಷತ ಓಡಿಬಂದು ಅಣ್ಣನೊಡನೆ ತಾಯಿಯನ್ನು ವಿಜಯಪುರಕ್ಕೆ ಕರೆದೊಯ್ದಳು. ಅಲ್ಲಿ ರೋಗದ ಹೆಸರು ತಿಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅಂಥವರೇ ಇನ್ನೂ ಹಲವರು ಕುಳಿತಿದ್ದರು. ಗಾಳಿ ಹೊಕ್ಕಿದೆಯೆಂದು ದರ್ಗಾ ಗುಡಿ ಸುತ್ತಿಸಿಕೊಂಡು ಬಂದ ಸಿಂದಗಿಯ ಹೆಂಗಸು. ಕುಡಿದು ತೂರಾಡುತ್ತಾನೆಂದು ಮಕ್ಕಳ ಕೈಯಲ್ಲೇ ಏಟು ತಿಂದ ಬಸವನ ಬಾಗೇವಾಡಿಯ ಮುದುಕ. ಅಣ್ಣ ತಂಗಿ ಅಂದೇ ನಿರ್ಧಾರ ಮಾಡಿದರು. ಬಳೆ ಅಂಗಡಿಯ ಕೋಣೆಯನ್ನು ಇಂಥವರಿಗಾಗಿ ತೆರೆಯಬೇಕು. ತಿಂಗಳಿಗೊಮ್ಮೆ ವಿಜಯಪುರದಿಂದ ಡಾಕ್ಟರನ್ನು ಕರೆಸಬೇಕು. ಗುಳಿಗೆ ಕೊಳ್ಳಲಾಗದವರಿಗೆ ಗುಳಿಗೆ, ಕಾಲು ಸಾಗದವರಿಗೆ ಊರುಗೋಲು ಕೊಡಬೇಕು. ಏನೂ ಆಗದಿದ್ದರೆ ನಾಚಿಕೆಯಿಲ್ಲದೆ ಕೈ ಹೊರಗಿಟ್ಟು ಕೂರಲು ಒಂದು ಜಾಗವಾದರೂ ಆಗಲಿ. ಹೆಸರು, 'ಶಮ್ಶುನ್ನೀಸಾ ಆಸರೆ'.

ಫಿರದೋಸಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಕೋಣೆ ಹೋಯಿತೆಂದಲ್ಲ, ಆ ಹೆಸರಿಗೆ.

ಇಂಡಿಯಲ್ಲಿ ಶಮ್ಶುನ್ನೀಸಾಳ ಕೈ ಅಂದರೆ ಕೈ! ಮದುವೆಯ ಹಸಿರು ಬಳೆ, ಬಸುರಿಯ ಕುಬಸದ ಬಳೆ, ಕೂಸಿನ ಮೊದಲ ಕರಿ ಬಳೆ... ಯಾವ ಜಾತಿಯ ಮನೆಯಾದರೂ ಅವಳೇ ಬರಬೇಕು. ಹಿಟ್ಟು ನಾದಿದ ಹಾಗೆ ಅಂಗೈ ಹಿಸುಕಿ, ಗೆಣ್ಣು ಮಡಿಸಿ, ಏನೋ ಒಂದು ಚೇಷ್ಟೆಯ ಮಾತಾಡಿ ನಗಿಸುವಷ್ಟರಲ್ಲಿ ಬಳೆ ಏರಿಬಿಟ್ಟಿರುತ್ತಿತ್ತು. 'ಶಮ್ಶುನ್ನೀಸಾನ ಕೈ ನೋಯಿಸೂದಿಲ್ಲ' ಎಂಬುದು ಊರಿನ ಮಾತಾಗಿತ್ತು. ಅಂಥವಳು, ತನ್ನ ಮಗನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಓಣಿಯ ಹೆಂಗಸರೆಲ್ಲ ನೋಡುತ್ತಿರುವಾಗ, ಕೈ ಸೆರಗಿನೊಳಗೆ ಅಡಗಿಸಿಕೊಂಡು, "ನಾ ಒಲ್ಲೆ. ಬ್ಯಾರೇದವರ ಕೈಲೆ ತೊಡಸ್ರಿ" ಅಂದು ಎದ್ದುಹೋದಳು! ಮುಖದಲ್ಲಿ ನಗೆಯ ಸುಳಿವಿರಲಿಲ್ಲ. "ಹೆಣ್ಣು ಹುಟ್ಟೈತಲ್ಲ, ಅದಕ್ಕ" ಎಂದು ಯಾರೋ ಪಿಸುಗುಟ್ಟಿದರು. ಹಸಿ ಬಾಣಂತಿಯ ಎದೆಯಲ್ಲಿ ಆ ಮಾತು ಗಾಜಿನ ಚೂರಿನಂತೆ ನೆಟ್ಟುಕೊಂಡಿತು. ಕೆಲವು ದಿನಗಳಲ್ಲೇ ಅತ್ತೆ ಕಣ್ಣು ಕಾಣುವುದಿಲ್ಲವೆಂದು ಅಂಗಡಿಯನ್ನೂ ಮುಚ್ಚಿದಳು. ಸೊಸೆ ಬೇರೆ ಒಲೆ ಹೂಡಿದಳು. ಮಗಳು ತರನ್ನುಮಳಿಗೆ ಎದೆಹಾಲಿನ ಜೊತೆಗೇ ಅಜ್ಜಿಯ ಬಗ್ಗೆ ಒಂದು ಮಾತನ್ನೂ ಕುಡಿಸುತ್ತ ಬಂದಳು. "ದಾದಿ ಕಡೆ ಹೋಗಬ್ಯಾಡ. ಆಕಿಗೆ ನೀ ಬ್ಯಾಡಾದಾಕಿ."

ಡಾಕ್ಟರು ಬರುವ ಮೊದಲ ಭಾನುವಾರ ಬಂತು. ಹೆಂಡತಿಯ ಹಟಕ್ಕೆ ಸೋತು ಸರ್ಫರಾಜ ಬೋರ್ಡನ್ನು ತೂಗುಹಾಕದೆ ಗೋಡೆಗೆ ಆನಿಸಿ, ಮೇಲೊಂದು ಚಾದರ ಹೊದಿಸಿದ್ದ. ಯಾರೂ ಬರಲಿಕ್ಕಿಲ್ಲ ಅಂದುಕೊಂಡರೆ ಕೋಣೆ ತುಂಬಿತು. ಬಸ್ಸಿನಲ್ಲಿ, ಟೆಂಪೋದಲ್ಲಿ, ಮಗನ ಬೈಕಿನ ಹಿಂದೆ ಸೊಂಟಕ್ಕೆ ಟವೆಲ್ಲು ಕಟ್ಟಿಸಿಕೊಂಡು ಬಂದರು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವಷ್ಟು ಕೆಟ್ಟವಳಲ್ಲ ಫಿರದೋಸ. ಗೊಣಗುತ್ತಲೇ ಚಹಾ ಕಾಸಿದಳು.

ಅವಳು ತಾಟು ಹಿಡಿದು ಒಳಬಾಗಿಲಿಗೆ ಬಂದಾಗ ಹಲಸಂಗಿಯ ಸುಂದರವ್ವ ಡಾಕ್ಟರ ಮುಂದೆ ತನ್ನ ಗಂಡ ಗುರಪ್ಪನ ಮೇಲೆ ಚಾಡಿ ಹೇಳುತ್ತಿದ್ದಳು.

"ಸಾಹೇಬ್ರ, ಇಂವ ನನ್ನ ನೋಡಿ ನಗೂದ ಬಿಟ್ಟು ವರ್ಷಗಟ್ಟಲೆ ಆತ್ರಿ! ಯಾವಾಕೀನರ ಇಟಗೊಂಡಾನೇನೋ ಅಂತ ಬೆನ್ನ ಹತ್ತಿ ತೋಟದ ತನಕ ಹ್ವಾದ್ನ್ರಿ. ನೋಡಿದ್ರ ಅಲ್ಲಿ ಲಿಂಬಿಗಿಡದ ಮುಂದೂ ಹಿಂಗ ಮಾರಿ ಮಾಡ್ಕೊಂಡು ನಿಂತಿದ್ದ! ಗಿಡಕ್ಕೂ ಬ್ಯಾಸರಾಗಿ ಅದು ಆ ವರ್ಷ ಕಾಯಿನ ಬಿಡಲಿಲ್ಲ!"

ಜೊತೆಗೆ ಬಂದ ಹೆಂಡಿರು ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಡಾಕ್ಟರೂ ನಕ್ಕು, "ಯವ್ವಾ, ಅಂವಾ ಈಗ ನಗಾಕತ್ತಾನ. ಮಾರಿ ಬಿಟ್ಟು ಹೊಟ್ಟಿ ನೋಡು" ಅಂದರು.

ಫಿರದೋಸ ನೋಡಿದಳು. ಗುರಪ್ಪನ ಮುಖ ಕಟ್ಟಿಗೆಯ ಕೊರಡು. ಆದರೆ ಹೊಟ್ಟೆ ಕುಲುಕುತ್ತಿತ್ತು, ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು! ಅವನೊಬ್ಬನೇ ಅಲ್ಲ. ಗೋಡೆಗುಂಟ ಕುಳಿತ ಎಷ್ಟೋ ಜನ ಹಾಗೆಯೇ ನಗುತ್ತಿದ್ದರು. ಮೈಯೆಲ್ಲ ನಗು, ಮುಖದ ಮೇಲೆ ಮಾತ್ರ ಏನೂ ಇಲ್ಲ...

"ಈ ರೋಗ ಹೆಸರು ಗೊತ್ತಾಗೂಕಿಂತ ಎಷ್ಟೋ ವರ್ಷ ಮೊದಲ ಬಂದು ಕುಂತಿರತೈತಿ. ಒಬ್ಬರಿಗೆ ಕೈ ನಡಗತೈತಿ, ಒಬ್ಬರಿಗೆ ಮಾರಿ ಬಿಗೀತೈತಿ. ಒಳಗ ನಗು, ಅಳು ಎಲ್ಲಾ ಇರತಾವು. ಹೊರಗ ಬರಾಕ ಬಾಗಲಾ ಇರೂದಿಲ್ಲ" ಅಂದರು ಡಾಕ್ಟರು.

ಎಷ್ಟೋ ವರ್ಷ ಮೊದಲು... ಫಿರದೋಸಳ ಕಣ್ಣು ಅತ್ತೆಯ ಮೇಲೆ ಬಿತ್ತು. ಧೂಳು ಹಿಡಿದ ಬಳೆಗಳ ಗೂಡಿನ ಕೆಳಗೆ ಅವಳು ಎಂದಿನಂತೆ ಕಲ್ಲಾಗಿ ಕುಳಿತಿದ್ದಳು. ಸೆರಗಿನೊಳಗೆ ಕೈ. ಅದೇ ಕೈ! ತೊಟ್ಟಿಲಿನ ದಿನವೂ ಅದೇ ಸೆರಗಿನೊಳಗೇ ಇತ್ತಲ್ಲವೇ?

ತಾಟನ್ನು ನಿಷತಳ ಕೈಗೆ ಕೊಟ್ಟು ಅವಳು ಅತ್ತೆಯ ಮುಂದೆ ಕುಳಿತಳು.

"ಅತ್ತಿ... ಆವತ್ತು ನನ್ನ ಕೂಸಿಗೆ ಯಾಕ ಬಳಿ ತೊಡಸಲಿಲ್ರಿ?"

ಶಮ್ಶುನ್ನೀಸಾಳ ದನಿಯೂ ಈಗ ಬಾವಿಯ ತಳಕ್ಕೆ ಇಳಿದಿತ್ತು. ಫಿರದೋಸ ಬಾಯಿಯ ಹತ್ತಿರ ಕಿವಿ ಒಯ್ದಳು.

"ಗಾಜು, ಬೇಟಿ... ಹೂವಿನಂಥ ಕೈ... ನನ್ನ ಕೈ ನಿಲ್ಲವಲ್ದಾಗಿತ್ತು."

"ಹೇಳಬೇಕಿಲ್ಲೇನ್ರಿ ಒಂದು ಮಾತು?"

"ಬಳಿಗಾರ್ತಿ ಕೈ ನಡಗತೈತಿ ಅಂದ್ರ... ಯಾರು ಕೈ ಕೊಡ್ತಾರ? ಮೊದಲು ಅಂಜಿಕಿ... ಆಮ್ಯಾಲ ನೀನ ಮಾತು ಬಿಟ್ಟಿ..."

"ಹೆಣ್ಣು ಹುಟ್ಟೈತಿ ಅಂತ..."

"ಆ ದಿನ... ಅಂಗಡಿ ಬಾಗಲಾ ಹಾಕ್ಕೊಂಡು ಅತ್ತೇನಿ. ಕೂಸಿನ ಖುಷೀಲೆ ಅತ್ತೇನೋ... ಕೈ ಹ್ವಾದ ದುಃಖಲೆ ಅತ್ತೇನೋ..."

ಅಯ್ಯೋ! ಒಂದು ಮನೆಯೊಳಗೆ, ಒಂದು ಗೋಡೆಯ ಆಚೆ ಈಚೆ ಎರಡು ಒಲೆ ಉರಿಸಿ, ಇಷ್ಟು ವರ್ಷ ಒಂದು ರೋಗದೊಡನೆ ಜಗಳ ಕಾದೆನೇ! ಫಿರದೋಸ ಅತ್ತೆಯ ಮೊಣಕಾಲ ಮೇಲೆ ತಲೆಯಿಟ್ಟು ಬಿಕ್ಕಿದಳು. ಆಮೇಲೆ ತಟ್ಟನೆ ಎದ್ದು ಬೋರ್ಡಿನ ಮೇಲಿನ ಚಾದರವನ್ನು ಎಳೆದೊಗೆದಳು.

"ಹಚ್ರೀ ಇದನ್ನ! ಮನಿ ಮುಂದ, ಎಲ್ಲಾರಿಗೂ ಕಾಣೂ ಹಂಗ ಹಚ್ರಿ! ತರನ್ನುಮ, ಬಾ ಇಲ್ಲೆ. ದಾದಿ ಕೈಲೆ ಬಳಿ ಹಾಕಸ್ಕೋ ಬಾ."

ಒಳಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿ ಬರಲಿಲ್ಲ. ಫಿರದೋಸ ಹೋಗಿ ರಟ್ಟೆ ಹಿಡಿದು ಕರೆತಂದಳು. ಶಮ್ಶುನ್ನೀಸಾ ಸೆರಗಿನಿಂದ ಕೈ ಹೊರಗೆ ತೆಗೆದಳು. ನಡುಗುವ ಬೆರಳುಗಳು ಮೊಮ್ಮಗಳ ಕಡೆ ಚಾಚಿದ್ದೇ ತಡ, ಹುಡುಗಿ ಚಿಟ್ಟನೆ ಚೀರಿ ಕೈ ಕಿತ್ತುಕೊಂಡಳು.

"ಒಲ್ಲೆ! ಆಕಿ ಹೆಂಗ ನೋಡ್ತಾಳ ನೋಡ! ಆಕಿಗೆ ನಾ ಬ್ಯಾಡಾದಾಕಿ ಅಂತ ನೀನ ಹೇಳೀದಿಲ್ಲೇನ ಅಮ್ಮೀ!"

ಹುಡುಗಿ ಓಡಿಹೋಗಿ ಮತ್ತೆ ಒಳಬಾಗಿಲ ಮರೆಗೆ ನಿಂತಳು. ಚಾಚಿದ ಕೈ ಚಾಚಿದಂತೆಯೇ ಗಾಳಿಯಲ್ಲಿ ನಡುಗುತ್ತಿತ್ತು. ತಾನೇ ಬಿತ್ತಿದ್ದು, ತನ್ನ ಕಣ್ಣೆದುರೇ ಹೀಗೆ ತೆನೆ ಕಟ್ಟಿ ನಿಂತಿದೆ... ಯಾರನ್ನು ಬೈಯಬೇಕು ಫಿರದೋಸ?

ಅವಳು ಬೈಯಲಿಲ್ಲ. ಗೂಡಿನಿಂದ ಹಸಿರು ಬಳೆಗಳ ಕಟ್ಟು ಇಳಿಸಿ, ಧೂಳು ಒರೆಸಿ, ಅತ್ತೆಯ ಮುಂದೆ ಕುಳಿತು ತನ್ನ ಕೈ ಚಾಚಿದಳು.

"ನನಗ ತೊಡಸ್ರಿ, ಅತ್ತಿ."

ಮೊದಲ ಬಳೆ ಗೆಣ್ಣಿನ ಮೇಲೇ ಚಟ್ಟೆಂದು ಒಡೆಯಿತು. ಎರಡನೆಯದೂ ಒಡೆಯಿತು. ಮುಂಗೈ ಮೇಲೆ ಸಣ್ಣಗೆ ರಕ್ತದ ಗೆರೆ ಮೂಡಿತು.

"ಅಯ್ಯ ಶಿವನ! ಗಂಡ ಇದ್ದಾಕಿ ಕೈಯಾಗ ಬಳಿ ಒಡೀಬಾರದು. ಸಾಕ ಬಿಡ ತಂಗಿ!" ಸುಂದರವ್ವ ಬಾಯಿ ಬಾಯಿ ಬಡಿದುಕೊಂಡಳು.

"ಒಡೀಲಿ ಬಿಡ್ರಿ" ಅಂದಳು ಫಿರದೋಸ. ಕೈ ಹಿಂದಕ್ಕೆ ಎಳೆಯಲಿಲ್ಲ. "ಊರ ಮಂದಿ ಹೇಳೂದು ಖರೇನ ಐತ್ರಿ, ಅತ್ತಿ. ನಿಮ್ಮ ಕೈ ನೋಯಿಸೂದಿಲ್ಲ..."

ಎಷ್ಟು ಒಡೆದವೋ... ಕೊನೆಗೆ ಒಂದು ಬಳೆ, ಅದು ಹೇಗೋ, ಗೆಣ್ಣು ದಾಟಿ ಮುಂಗೈಗೆ ಜಾರಿ ಘಲ್ಲೆಂದಿತು. ಶಮ್ಶುನ್ನೀಸಾ ಅದನ್ನೇ ನೋಡಿದಳು. ಕಲ್ಲಿನಂಥ ಮುಖದ ಮೇಲೆ ನೀರು ಇಳಿಯತೊಡಗಿತು. ತುಟಿ ಒಂದಿಷ್ಟೇ ಅಲುಗಿತು. ಫಿರದೋಸ ಬಗ್ಗಿ ಕಿವಿಗೊಟ್ಟಳು.

"ಆ ಕೂಸಿಗೆ ಹೇಳ, ಬೇಟಿ... ನಾ ನಗಾಕತ್ತೇನಿ ಅಂತ."

ಫಿರದೋಸ ತಿರುಗಿ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.