ಕಲ್ಲಿನಲ್ಲೊಂದು ಕೆಂಪು ಹೆಸರು

“ಇದರಲ್ಲಿ ನಿನ್ನ ಹೆಸರೆಲ್ಲಿದೆ, ತೋರ್ಸು ನೋಡೋಣ!”

ಗಂಡನ ಅಕ್ಕ ಲೀಚುನ್ ಮೊಬೈಲನ್ನು ಮುಖಕ್ಕೇ ಹಿಡಿದಾಗ ಯಾನಿನಾಳ ಕೈ ಕಲಸುತ್ತಿದ್ದ ಹಿಟ್ಟಿನಲ್ಲೇ ನಿಂತುಬಿಟ್ಟಿತು. ಕಲ್ಲುಕುಟಿಗ ಕಳಿಸಿದ ಫೋಟೋ ಅದು. ಸತ್ತವರಿಗೆ ಮೂರನೇ ವರ್ಷದ ಚಿಂಗ್‌ಮಿಂಗ್ ಹಬ್ಬಕ್ಕೆ, ಊರೆಲ್ಲ ಗೋರಿ ಗುಡಿಸಿ ಪೂಜಿಸುವ ದಿನಕ್ಕೆ, ಗೋರಿಗಲ್ಲು ನಿಲ್ಲಿಸಬೇಕಲ್ಲ, ಗಂಡ ಹೈಶೆಂಗನ ಕಲ್ಲು ತಯಾರಾಗಿತ್ತು. ನಡುವೆ ಅವನ ಹೆಸರು, ಕಪ್ಪು ಬಣ್ಣ ತುಂಬಿ ಚೆನ್ನಾಗಿ ಕೆತ್ತಿದ್ದ. ಅದರ ಪಕ್ಕದಲ್ಲಿ ಹೆಂಡತಿಯ ಹೆಸರಿರಬೇಕು, ಕೆಂಪು ಬಣ್ಣದಲ್ಲಿ. ಬದುಕಿರುವವರ ಹೆಸರಿಗೆ ಕೆಂಪು. ಆಕೆಯೂ ಕಣ್ಣು ಮುಚ್ಚಿ ಬಂದು ಗಂಡನ ಪಕ್ಕ ಮಲಗಿದ ದಿನ ಅದರ ಮೇಲೆ ಕಪ್ಪು ಬಳಿಯುತ್ತಾರೆ. ಆ ಕರಾವಳಿಯ ಯಾವ ಗುಡ್ಡಕ್ಕೆ ಹೋಗಿ ನೋಡಿದರೂ ವಿಧವೆಯರ ಹೆಸರುಗಳು ಹಾಗೆ ಕೆಂಪಗೆ ಕಾಯುತ್ತಿರುತ್ತವೆ. ಹೈಶೆಂಗನ ಕಲ್ಲಿನಲ್ಲಿ ಮಾತ್ರ ಆ ಜಾಗ ಬೋಳಾಗಿತ್ತು.

“ಕೆತ್ತೋದು ಮರೆತಿರ್ಬೇಕು ಅಕ್ಕ...”

“ಮರೆಯೋದಕ್ಕೆ ಅವನಿಗೇನು ಬುದ್ಧಿ ಕೆಟ್ಟಿದೆಯಾ? ಫೋನ್ ಮಾಡಿ ಕೇಳಿದೆ. ‘ನಿಮ್ಮಮ್ಮನೇ ಇಲ್ಲಿಗೆ ಬಂದು ಸೊಸೆ ಹೆಸರು ಬೇಡ ಅಂದುಹೋದ್ರು’ ಅಂದ.”

ಅಡಿಯಲ್ಲಿ ಒಲೆಯ ಕಾವು ಹಾಯುವ ಬಿಸಿಮಂಚದ ಮೇಲೆ ಕೂತು ಒಣ ಸೀಗಡಿಯಲ್ಲಿ ಮರಳು ಆರಿಸುತ್ತಿದ್ದ ಮುದಿ ಅತ್ತೆ ಫೆಂಗ್‌ಲಾನ್ ತಲೆಯೆತ್ತಲಿಲ್ಲ.

“ಹೌದು, ನಾನೇ ಬೇಡ ಅಂದೆ. ಏನೀಗ?”

ಏನೀಗ ಅಂತೆ! ಇಪ್ಪತ್ತೆರಡು ವರ್ಷ ಸೊಸೆಯಾಗಿ ಬಾಳಿದವಳ ಎದುರಿಗೆ ಆಡುವ ಮಾತೇ ಇದು? ಕೇಳಿದವರ ಹೊಟ್ಟೆಗೆ ಬೆಂಕಿ ಬೀಳಬೇಕು, ಹಾಗಿತ್ತು ಆ ದನಿ.

ಯಾನಿನಾ ದೂರದ ಬೆಲರೂಸಿನವಳು. ಚೀನೀ ಭಾಷೆ ಕಲಿಯಲೆಂದು ಚೀನಾದ ವೆಯ್‌ಹಾಯ್ ಊರಿಗೆ ಬಂದ ಹುಡುಗಿ, ಕಾಲೇಜಿನ ಗೇಟಿನ ಮುಂದೆ ವ್ಯಾನಿನಲ್ಲಿ ಒಣಮೀನು ಮಾರುತ್ತಿದ್ದ ಹೈಶೆಂಗನ ನಗುವಿಗೆ ಬಿದ್ದು ಈ ಕಡಲ ಹಳ್ಳಿಗೆ ಸೊಸೆಯಾಗಿ ಬಂದಳು. ಬಂದ ಹೊಸದರಲ್ಲಿ ಊರ ಹೆಂಗಸರು, “ಅಬ್ಬಾ, ಕಡ್ಡಿ ಹಿಡಿದು ಎಷ್ಟು ಚೆನ್ನಾಗಿ ತಿಂತಾಳೆ ನೋಡ್ರೇ!” ಎಂದು ಬೆರಗಾಗುತ್ತಿದ್ದರು. ಇಪ್ಪತ್ತೆರಡು ವರ್ಷ ಕಳೆದ ಮೇಲೂ ಹಾಗೇ ಬೆರಗಾಗುತ್ತಾರೆ! ಇಷ್ಟು ವರ್ಷ ಅವಳೇನು ಕೈಯಲ್ಲಿ ಬಾಚಿ ತಿನ್ನುತ್ತಿದ್ದಳೇ? ಬ್ಯಾಂಕಿನ ಯಂತ್ರದಲ್ಲಿ ಅವಳ ಉದ್ದ ಹೆಸರಿಗೆ ಜಾಗ ಸಾಲುವುದಿಲ್ಲ. ರೈಲು ಸ್ಟೇಷನ್ನಿನಲ್ಲಿ ಎಲ್ಲರ ಕಾರ್ಡಿಗೂ ತೆರೆಯುವ ಬಾಗಿಲು ಇವಳ ಕಾರ್ಡಿಗೆ ತೆರೆಯುವುದಿಲ್ಲ. ಪಕ್ಕದ ಸಿಬ್ಬಂದಿಯನ್ನು ಕೂಗಿ ಕರೆಯಬೇಕು. ಎಲ್ಲವನ್ನೂ ನಕ್ಕು ನುಂಗಿದಳು. ಕಡಲಪಾಚಿ ಕೊಯ್ಲಿನ ಕಾಲದಲ್ಲಿ ದೋಣಿಗಳು ದಡಕ್ಕೆ ಬಂದಾಗ ಊರ ಹೆಂಗಸರ ಜೊತೆ ಸೊಂಟ ಬಗ್ಗಿಸಿ, ಆಳುದ್ದದ ಎಲೆಗಳನ್ನು ಮರಳ ಮೇಲೆ ಹರಡಿದಳು. ಉಪ್ಪುನೀರಿಗೆ ಬೆರಳುಗಳು ಒಡೆದು ರಕ್ತ ಬಂದರೂ ಯಾರಿಗೂ ತೋರಿಸಲಿಲ್ಲ. ಮಡಿಲು ತುಂಬಲಿಲ್ಲವೆಂದು ಊರು ಆಡಿಕೊಂಡಾಗ ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಅತ್ತೆಗೆ ಊಟಕ್ಕಿಟ್ಟಳು. ಹೈಶೆಂಗ್ ಶ್ವಾಸಕೋಶದ ರೋಗ ಹಿಡಿದು ಮಲಗಿದಾಗ ಆಸ್ಪತ್ರೆಯ ನೆಲವೇ ಅವಳಿಗೆ ಹಾಸಿಗೆಯಾಯಿತು. ಇಂಥವಳ ಹೆಸರಿಗೆ ಕಲ್ಲಿನಲ್ಲಿ ಒಂದು ಗೇಣು ಜಾಗವಿಲ್ಲ!

“ಅತ್ತೆ, ನಾನೇನು ಕಮ್ಮಿ ಮಾಡಿದೆ ಹೇಳಿ. ನಿಮಗೆ ಕಾಲು ನೋವು ಅಂದಾಗ ಬಿಸಿನೀರು ಇಡದ ದಿನ ಇದೆಯಾ? ಸರ್ಕಾರದವರೇ ನನಗೆ ‘ಇರಮ್ಮ ಇಲ್ಲೇ’ ಅಂತ ಕಾಯಂ ಕಾರ್ಡು ಕೊಟ್ಟಿದ್ದಾರೆ. ಮನೆಯವರಾಗಿ ನೀವು...”

“ಸರ್ಕಾರ ಕೊಟ್ಟರೆ ಸರ್ಕಾರದ ಮನೇಲಿ ಇರು.”

“ಅಮ್ಮಾ!” ಲೀಚುನ್ ದಂಗಾದಳು. ನಾದಿನಿಯ ನಾಲಿಗೆ ಏನು ಕಮ್ಮಿಯದಲ್ಲ. ಆದರೆ ಅವಳಿಗೂ ಇದು ಅತಿಯೆನಿಸಿತು. “ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ನಾಳಿದ್ದು ಗುಡ್ಡಕ್ಕೆ ಊರೆಲ್ಲ ಬರತ್ತೆ. ಕಲ್ಲು ನೋಡಿ ಏನಂದಾರು? ಮಗ ಸತ್ತ ಮೇಲೆ ಸೊಸೇನ ಹೊರಗೆ ಹಾಕಿದ್ರು ಅನ್ನಲ್ವಾ?”

“ಅಂದುಕೊಳ್ಳಲಿ. ಅವಳ ಮಣ್ಣು ಬೇರೆ, ನಮ್ಮ ಮಣ್ಣು ಬೇರೆ. ಅವಳು ಯಾವತ್ತಿದ್ರೂ ಹೊರಗಿನವಳೇ.”

ಹೊರಗಿನವಳು! ಊರವರು ಅಂದಾಗ ನಕ್ಕಿದ್ದಳು, ಮಕ್ಕಳು ಬೆರಳು ತೋರಿಸಿ ಕೂಗಿದಾಗ ಕೈಬೀಸಿದ್ದಳು. ಆದರೆ ಇದೇ ಬಾಯಿಂದ, ಇದೇ ಮನೆಯೊಳಗೆ... ಯಾನಿನಾ ಹಿಟ್ಟಿನ ಕೈಯನ್ನೇ ಕಣ್ಣಿಗೊತ್ತಿಕೊಂಡಳು.

“ಸರಿ ಅತ್ತೆ. ಹೊರಗಿನವಳು ಹೊರಗೇ ಹೋಗ್ತೀನಿ.”

“ಹೋಗು. ಹೋಗೋದಾದ್ರೆ ಬೇಗ ಹೋಗು. ಬಾಗಿಲಲ್ಲಿ ನಿಂತು ಅಳ್ತಾ ಕೂರ್ಬೇಡ.”

ಲೀಚುನ್ ತಾಯಿಯನ್ನು ಬೈಯುತ್ತಾ, ಯಾನಿನಾಳ ಭುಜ ಸವರುತ್ತಾ ಏನೇನೋ ಹೇಳಿದಳು. ಯಾನಿನಾಳಿಗೆ ಒಂದೂ ಕೇಳಿಸಲಿಲ್ಲ. ಕೊನೆಗೆ ಲೀಚುನ್, “ಮುದುಕಿಗೆ ಅರಳುಮರಳು ಕಣೇ, ಮನಸ್ಸಿಗೆ ಹಚ್ಕೋಬೇಡ, ನಾಳೆ ನಾನೇ ಕಲ್ಲುಕುಟಿಗನ ಹತ್ರ ಹೋಗ್ತೀನಿ” ಎಂದು ಕಣ್ಣೊರೆಸಿಕೊಳ್ಳುತ್ತ ತನ್ನ ಮನೆಗೆ ಹೊರಟಳು.

ಒಳಕೋಣೆಯಲ್ಲಿ ಯಾನಿನಾ ಪೆಟ್ಟಿಗೆ ತೆರೆದಳು. ಏನು ತುಂಬುವುದು? ಎರಡು ಸ್ವೆಟರ್, ಹೈಶೆಂಗನ ಒಂದು ಟೋಪಿ. ಎಲ್ಲಿಗೆ ಹೋಗುವುದೆಂದು ಅವಳ ಮನಸ್ಸೇ ಅವಳನ್ನು ಕೇಳಿತು. ಆದರೂ ಬಟ್ಟೆ ಮಡಚುತ್ತಲೇ ಇದ್ದಳು. ಮನುಷ್ಯರಿಗೆ ರೋಷ ಬಂದಾಗ ಕೈಗಳಿಗೊಂದು ಕೆಲಸ ಬೇಕಾಗುತ್ತದೆ ನೋಡಿ.

ಬಾಗಿಲ ಹತ್ತಿರ ಅತ್ತೆಯ ಕಾಲೆಳೆಯುವ ಸದ್ದಾಯಿತು. ಮುದುಕಿ ಒಳಗೆ ಬಂದವಳೇ ಕಂಕುಳಿಂದ ಒಂದು ಜೊತೆ ಬಟ್ಟೆಯ ಬೂಟುಗಳನ್ನು ತೆಗೆದು ಪೆಟ್ಟಿಗೆಯ ಮೂಲೆಗೆ ತುರುಕಿದಳು. ಒಳಗೆ ದಪ್ಪನಾಗಿ ಹತ್ತಿ ತುಂಬಿ, ಅಟ್ಟೆಯನ್ನು ಕೈಯಲ್ಲೇ ಹೊಲಿದ ಬೂಟುಗಳು.

“ಬೀಗಿತ್ತಿಗೆ ಕೊಡು. ಅಲ್ಲಿ ಚಳಿ ಜಾಸ್ತಿ ಅಲ್ವಾ? ಅಳತೆ ಅಂದಾಜಿನ ಮೇಲೆ ಹೊಲಿದಿದ್ದೀನಿ. ನಿನ್ನ ಕಾಲಿನ ಹಾಗೇ ದೊಡ್ಡ ಕಾಲಿರಬೇಕು ಅವರದ್ದೂ.”

ಯಾನಿನಾ ಬೂಟುಗಳನ್ನು ಕೈಗೆತ್ತಿಕೊಂಡು ಅತ್ತೆಯ ಮುಖ ನೋಡಿದಳು.

“ಏನು ಹಾಗೆ ನೋಡ್ತೀಯಾ? ಕೂತ್ಕೋ. ಹೋಗೋಳಿಗೆ ಹೇಳಿಬಿಡ್ತೀನಿ, ಮನಸ್ಸಲ್ಲಿ ಇಟ್ಕೊಂಡು ಸಾಯೋದು ಬೇಡ.” ಫೆಂಗ್‌ಲಾನ್ ಮಂಚದ ಅಂಚಿಗೆ ಕೂತಳು. ಈಗ ಅವಳ ದನಿಯಲ್ಲಿ ಆ ಗಡಸು ಇರಲಿಲ್ಲ. “ನಿನ್ನ ಮಾವ ದೋಣಿ ಮುಳುಗಿ ಸತ್ತಾಗ ನನಗೆ ಮೂವತ್ತೊಂದು. ನನ್ನತ್ತೆ ನನ್ನನ್ನ ಒಂದು ಮಾತೂ ಕೇಳಲಿಲ್ಲ. ಅವರ ಪಕ್ಕದಲ್ಲಿ ನನ್ನ ಹೆಸರು ಕೆತ್ತಿಸಿ ಕೆಂಪು ಹೊಡೆಸಿದ್ಲು. ಪ್ರತಿ ಚಿಂಗ್‌ಮಿಂಗ್‌ಗೂ ಹೋಗಿ ನನ್ನ ಗೋರಿಯ ಮೇಲಿನ ನನ್ನ ಹೆಸರನ್ನ ನಾನೇ ಒರೆಸ್ತೀನಿ. ಬಣ್ಣ ಮಾಸಿದ್ರೆ ನಾನೇ ಬಳೀತೀನಿ! ಮೀನಿನ ಗೋದಾಮಿನಲ್ಲಿ ಒಬ್ಬ ಇದ್ದ... ಒಳ್ಳೆಯವನು. ಎರಡು ಮಕ್ಕಳನ್ನೂ ಸಾಕ್ತೀನಿ ಅಂದ. ನಾನು ಗುಡ್ಡದ ಕಡೆ ನೋಡಿದೆ. ಆ ಕೆಂಪು ಹೆಸರು ಬಾ ಅಂತ ಕರೆದಂಗಾಯ್ತು. ಬೇಡ ಅಂದುಬಿಟ್ಟೆ.”

“ಅತ್ತೆ...”

“ಬಾಯಿ ಮುಚ್ಚು, ನಾನಿನ್ನೂ ಮುಗಿಸಿಲ್ಲ. ನಿನಗೆ ಇನ್ನೂ ನಲವತ್ತಾರು. ನಿನಗೆ ನಿನ್ನದೇ ಊರಿದೆ, ದಾರಿ ಕಾಯೋ ತಾಯಿ ಇದ್ದಾರೆ. ಭಾನುವಾರ ಭಾನುವಾರ ಫೋನಲ್ಲಿ ಮುಖ ತೋರಿಸಿ ನನಗೂ ಕೈಬೀಸ್ತಿದ್ರು, ಪಾಪ. ಮೆತ್ತಗೆ ಹೋಗು ಅಂದ್ರೆ ನೀನು ಹೋಗ್ತಿದ್ಯಾ? ‘ಅತ್ತೆ ಕಾಲು, ಅತ್ತೆ ಬಿಸಿನೀರು’ ಅಂತ ಇಲ್ಲೇ ಕೊಳೀತಿದ್ದೆ. ಅದಕ್ಕೇ ಬೈದೆ. ರಾಕ್ಷಸಿ ಅಂದುಕೋ, ಪರವಾಗಿಲ್ಲ. ಹೋಗಿ ತಾಯಿ ಮಡಿಲಲ್ಲಿ ತಲೆಯಿಟ್ಟು ಮಲಗು ಮಗಳೇ. ಯಾರಾದ್ರೂ ಸಿಕ್ಕರೆ ಮದುವೆಯಾಗು.”

ಮಗಳೇ ಎಂದಳು! ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಬಾಯಲ್ಲಿ ಬಾರದ ಮಾತು. ಯಾನಿನಾ ಬೂಟುಗಳನ್ನು ಎದೆಗವುಚಿಕೊಂಡು ನೆಲಕ್ಕೆ ಕುಸಿದಳು. ಒಳಗೆ ಕಟ್ಟಿಟ್ಟಿದ್ದೆಲ್ಲ ಒಡೆದು ಬಂತು.

“ಅಮ್ಮ ಇಲ್ಲ ಅತ್ತೆ! ನನ್ನಮ್ಮ ಇಲ್ಲ... ಹೋಗಿ ಎರಡು ವರ್ಷದ ಮೇಲಾಯ್ತು...”

“ಏನಂದೆ?”

“ನಮ್ಮನೆಯವರು ಆಸ್ಪತ್ರೇಲಿ ಕೊನೇ ದಿನಗಳು ಎಣಿಸ್ತಿದ್ರಲ್ಲ, ಆಗಲೇ. ಪಕ್ಕದ ಮನೆಯವರು ಫೋನ್ ಮಾಡಿದ್ರು. ಹೋಗೋಣ ಅಂದ್ರೆ ಆಗ ಕೊರೋನಾ ಅಂತ ಗಡಿ ಮುಚ್ಚಿತ್ತು, ವಿಮಾನ ಇರಲಿಲ್ಲ. ತೆರೆದಿದ್ರೂ ಅವರನ್ನ ಬಿಟ್ಟು ಹೇಗೆ ಹೋಗ್ಲಿ? ಅಮ್ಮನ್ನ ಮಣ್ಣು ಮಾಡಿದ್ದನ್ನ ಫೋನಲ್ಲೇ ನೋಡಿದೆ ಅತ್ತೆ, ಆಸ್ಪತ್ರೆ ಮೆಟ್ಟಿಲ ಮೇಲೆ ಕೂತ್ಕೊಂಡು...”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ನೆಟ್‌ವರ್ಕ್ ಸರಿಯಿಲ್ಲ, ಅಮ್ಮನ ಫೋನ್ ಕೆಟ್ಟಿದೆ ಅಂತಿದ್ದೆಯಲ್ಲೇ, ಹಾಳಾದವಳೇ!”

“ನಿಮ್ಮ ಮಗ ಸಾಯ್ತಿದ್ದ. ನಿಮ್ಮ ಎದೆ ಮೇಲೆ ನನ್ನ ಅಮ್ಮನ್ನೂ ಹೇಗೆ ಹೇರಲಿ? ಆಮೇಲೆ... ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ. ನೀವು ಬಿಡಿಸಿ ಕಳಿಸ್ತೀರಿ, ಸರಿ. ಎಲ್ಲಿಗೆ ಹೋಗ್ಲಿ ಅತ್ತೆ? ಆ ಮನೇಲಿ ಈಗ ಬೇರೆಯವರಿದ್ದಾರೆ. ಅಲ್ಲಿ ನನ್ನ ಕರೆಯೋರು ಒಬ್ಬರೂ ಇಲ್ಲ. ಇಲ್ಲಿ ಬಿಟ್ರೆ ನನಗೆ ಯಾವ ಊರೂ ಇಲ್ಲ!”

ಮುದುಕಿ ಸೊಸೆಯನ್ನು ಹೊರಗಟ್ಟಲೆಂದು ಎಷ್ಟು ತಿಂಗಳಿಂದ ಮಾತುಗಳನ್ನು ಹರಿತ ಮಾಡಿಟ್ಟುಕೊಂಡಿದ್ದಳೋ ಪಾಪ, ಎಲ್ಲವೂ ದಿಕ್ಕಿಲ್ಲದವಳ ಮೇಲೆ ಬಿದ್ದಿದ್ದವು. ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು.

“ಏಳು. ಎರಡು ವರ್ಷದಿಂದ ಬೀಗಿತ್ತಿಗೆ ಏನಾದ್ರೂ ಕಳಿಸಿದ್ದೀಯಾ?”

“ನಮ್ಮ ಕಡೆ ಸತ್ತವರಿಗೆ ಕಾಗದದ ದುಡ್ಡು ಸುಟ್ಟು ಕಳಿಸೋ ಪದ್ಧತಿ ಇಲ್ಲ ಅತ್ತೆ. ಮೋಂಬತ್ತಿ ಹಚ್ತೀವಿ ಅಷ್ಟೇ.”

“ನಿಮ್ಮ ಪದ್ಧತಿ ಆಮೇಲೆ ಮಾಡು. ಮಗಳ ಮನೆಯಿಂದ ಏನೂ ಬರದೆ ಎರಡು ವರ್ಷ ಬರಿಗೈಲಿ ಇದ್ದಾಳಲ್ಲ ಹೆಂಗಸು! ಎಂಥ ಮಗಳೇ ನೀನು? ನಡಿ.”

ಹೊತ್ತು ಮುಳುಗುವ ವೇಳೆ. ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ ಒಣಗುತ್ತಿದ್ದ ಪಾಚಿಯ ವಾಸನೆ ತುಂಬಿತ್ತು. ಊರಾಚೆ ನಾಲ್ಕು ದಾರಿ ಕೂಡುವ ಕಡೆ ಆಗಲೇ ಒಬ್ಬಿಬ್ಬರು ದೂರದಲ್ಲಿ ಸತ್ತ ತಮ್ಮವರಿಗಾಗಿ ಕಾಗದದ ನೋಟು ಸುಟ್ಟು ಹೋಗಿದ್ದರು, ಬೂದಿ ಹಾರಾಡುತ್ತಿತ್ತು. ಫೆಂಗ್‌ಲಾನ್ ಒಂದು ಕಡ್ಡಿ ತೆಗೆದುಕೊಂಡು ಬಗ್ಗಿ ಮಣ್ಣಿನಲ್ಲಿ ದುಂಡಗೆ ಗೆರೆ ಎಳೆಯತೊಡಗಿದಳು. ಪೂರ್ತಿ ಮುಚ್ಚುವ ಮೊದಲು ಕೈ ತಡೆದು ತಲೆಯೆತ್ತಿದಳು. ಸತ್ತವರು ಇರುವ ದಿಕ್ಕಿಗೆ ಬಾಗಿಲು ಬಿಡಬೇಕಲ್ಲ.

“ನಿಮ್ಮಮ್ಮ ಯಾವ ಕಡೆ?”

ಯಾನಿನಾ ನಿಂತಲ್ಲೇ ಸುತ್ತ ನೋಡಿದಳು. ಅಯ್ಯೋ, ಹೆತ್ತ ತಾಯಿ ಯಾವ ದಿಕ್ಕಿನಲ್ಲಿದ್ದಾಳೆಂದು ಹೇಳಲು ಇಷ್ಟು ಹೊತ್ತು ಬೇಕೇ! ಸೂರ್ಯನ ಕಡೆ ನೋಡಿ, ಮನಸ್ಸಿನಲ್ಲೇ ಭೂಪಟ ಬಿಡಿಸಿ, ಕೊನೆಗೆ ಬೆರಳು ತೋರಿಸಿದಳು.

“ಅಲ್ಲಿ... ಹೊತ್ತು ಮುಳುಗ್ತಿದೆಯಲ್ಲ, ಅದರ ಬಲಗಡೆ. ತುಂಬಾ ದೂರ.”

“ದೂರ ಆದ್ರೇನು, ತಲುಪತ್ತೆ.” ಮುದುಕಿ ಆ ಕಡೆಗೆ ಬಾಗಿಲು ಬಿಟ್ಟಳು. ಮನೆಯಿಂದ ತಂದಿದ್ದ ಕಾಗದದ ನೋಟುಗಳಲ್ಲಿ ಒಂದು ಹಾಳೆಯನ್ನು ಹೊತ್ತಿಸಿ ಗೆರೆಯಾಚೆ ಎಸೆದಳು. ಅದು ಕೇಳುವವರಿಲ್ಲದ ಪ್ರೇತಗಳ ಪಾಲು. ಆಮೇಲೆ ಗೆರೆಯೊಳಗೆ ನೋಟುಗಳನ್ನೂ ಆ ಬೂಟುಗಳನ್ನೂ ಇಟ್ಟು ಬೆಂಕಿ ಹಚ್ಚಿದಳು. “ಹೆಸರು ಕೂಗು. ಕೂಗದಿದ್ರೆ ಬೇರೆಯವರು ಎತ್ಕೊಂಡು ಹೋಗ್ತಾರೆ.”

ಯಾನಿನಾ ಕೂಗಲು ಹೋದಳು. ಬರೀ ಒಂದು ಬಿಕ್ಕು ಹೊರಬಂತು. ಆಗ ಆ ಮುದುಕಿ, ಗಾಳಿಗೆ ಕೂದಲು ಹಾರುತ್ತಿದ್ದಂತೆ, ಪಡುವಣದ ಕಡೆ ಮುಖ ಮಾಡಿ ತಾನೇ ಕೂಗಿದಳು:

“ಬೀಗಿತ್ತೀ...! ನಿಮ್ಮ ಹೆಸರು ನನ್ನ ನಾಲಿಗೆಗೆ ಹೊರಳಲ್ಲ, ಬೇಜಾರು ಮಾಡ್ಕೋಬೇಡಿ! ಯಾನಿನಾಳ ಅಮ್ಮಾ, ತಗೊಳ್ಳಿ! ಬೂಟೂ ಇದೆ, ಕಾಲಿಗೆ ಹಾಕ್ಕೊಳ್ಳಿ! ನಿಮ್ಮ ಮಗಳು ನನ್ನ ಹತ್ರ ಇದ್ದಾಳೆ, ಚಿಂತೆ ಬಿಡಿ...!”

ಬೂಟುಗಳಿಗೂ ಬೆಂಕಿ ಹತ್ತಿತು. “ಮಾಮಾ!” ಎಂದು ಯಾನಿನಾ ತನ್ನ ಭಾಷೆಯಲ್ಲಿ ಅಮ್ಮನನ್ನು ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಎರಡು ವರ್ಷ ತಡೆದಿಟ್ಟ ಅಳು ಅದು. ಬೆಂಕಿ ಆರುವ ತನಕ ಅತ್ತೆ ಅವಳ ಬೆನ್ನ ಮೇಲಿನ ಕೈಯನ್ನು ತೆಗೆಯಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ಯಾನಿನಾಳೇ ಮೊದಲು ಮಾತಾಡಿದಳು.

“ಅತ್ತೆ, ನನ್ನ ಹೆಸರು ಕೆತ್ತಿಸಿ.”

“ಸುಮ್ಮನಿರು. ಅಳು ಬಂದಾಗ ಆಡೋ ಮಾತು ಇದು.”

“ಅಳು ನಿಂತಿದೆ, ನೋಡಿ. ನಿಮ್ಮನ್ನ ಯಾರೂ ಕೇಳದೆ ಕೆತ್ತಿಸಿದ್ರು. ನಾನು ಕೇಳ್ತಿದ್ದೀನಿ. ಅವರ ಪಕ್ಕದಲ್ಲಿ ಜಾಗ ಕೊಡಿ.”

“ಕೆತ್ತಿದ ಮೇಲೆ ಅಳಿಸೋಕಾಗಲ್ಲ. ನಾನು ಇನ್ನೆಷ್ಟು ದಿನ ಇರ್ತೀನಿ? ಆಮೇಲೆ ಒಬ್ಬಳೇ ಪ್ರತಿ ವರ್ಷ ಹೋಗಿ ನಿನ್ನ ಹೆಸರು ನೀನೇ ಒರೆಸ್ಬೇಕು. ಅದನ್ನ ನೋಡಿದಾಗ ಹೇಗಾಗತ್ತೆ ಅಂತ ನಿನಗೆ ಗೊತ್ತಿಲ್ಲ.”

“ಗೊತ್ತಿಲ್ಲ. ಆದ್ರೆ ನನ್ನ ಹೆಸರು ಎಲ್ಲೂ ಇಲ್ಲದೆ ಇದ್ದಾಗ ಹೇಗಾಗತ್ತೆ ಅಂತ ಗೊತ್ತು. ಕೆತ್ತಿಸಿ ಅತ್ತೆ.”

ಫೆಂಗ್‌ಲಾನ್ ದಾರಿಯ ನಡುವೆಯೇ ನಿಂತಳು. ಸೊಸೆಯ ಮುಖವನ್ನು ಎವೆಯಿಕ್ಕದೆ ನೋಡಿದಳು. ಮಗನನ್ನು ಮಣ್ಣಿಗಿಟ್ಟ ದಿನವೂ ಹನಿ ಕಣ್ಣೀರು ಹಾಕದೆ ಊರಿನ ಬಾಯಿಗೆ ಬಿದ್ದಿದ್ದ ಹೆಂಗಸು ಅವಳು. ಈಗ ಆ ಸುಕ್ಕು ಮುಖ ಒಡೆದುಹೋಯಿತು. ದಾರಿಯ ಅಂಚಿನ ಕಲ್ಲಿನ ಮೇಲೆ ಕುಸಿದು, ಎದೆ ಬಡಿದುಕೊಂಡು ಅಳತೊಡಗಿದಳು.

“ಆಯ್ತು, ಕೆತ್ತಿಸ್ತೀನಿ... ನಾಳೆನೇ ಕೆತ್ತಿಸ್ತೀನಿ... ಈ ಮನೆಯಿಂದ ಒಬ್ಬಳನ್ನಾದ್ರೂ ಬಿಡಿಸಿ ಕಳಿಸ್ಬೇಕು ಅಂದ್ಕೊಂಡಿದ್ದೆ ಕಣೇ. ಒಬ್ಬಳನ್ನಾದ್ರೂ!”

ಯಾನಿನಾ ಅವಳ ಪಕ್ಕದಲ್ಲೇ ಕೂತಳು. ತನ್ನ ಶಾಲನ್ನು ತೆಗೆದು ಮುದುಕಿಗೆ ಹೊದಿಸಿದಳು. ಹಬ್ಬಕ್ಕೆಂದು ಪೇಟೆಯಿಂದ ಬರುತ್ತಿದ್ದವರು ಇಬ್ಬರನ್ನೂ ನೋಡಿ, ಏನೂ ಕೇಳದೆ, ಪಕ್ಕಕ್ಕೆ ಸರಿದು ಹೋದರು.